ಮರೆಯಲ್ಲಿ ಒತ್ತಿದ ಮುದ್ರೆ

ದಂಡಿನಶಿವರದ ಹತ್ತಿರ ಹುಚ್ಚರಂಗಯ್ಯನ ತೆಂಗಿನ ತೋಟದಲ್ಲಿ ದುರ್ಗಯ್ಯನೂ ಅವನ ಹೆಂಡತಿ ಪುಟ್ಟಗಂಗಮ್ಮನೂ ಕಾಯಿ ಸುಲಿಯುವ ಕೆಲಸಕ್ಕಿದ್ದರು. ತೋಟದ ಮೂಲೆಯಲ್ಲಿ ಅವರಿದ್ದ ಗುಡಿಸಲೂ ಹುಚ್ಚರಂಗಯ್ಯನದೇ. ಎಂಬತ್ತೇಳರ ಮಂಡಲ ಪಂಚಾಯ್ತಿ ಚುನಾವಣೆಗೆ ಹುಚ್ಚರಂಗಯ್ಯನ ತಮ್ಮ ನಿಂತ. ಎದುರಿಗೆ ನಿಂತವಳು ಓಬಮ್ಮ. ಪುಟ್ಟಗಂಗಮ್ಮನಿಗೆ ಹೆರಿಗೆ ಕಷ್ಟವಾದಾಗ ತನ್ನ ಗಾಡಿ ಕಟ್ಟಿಸಿ ಮಾಯಸಂದ್ರದ ಆಸ್ಪತ್ರೆಗೆ ಕರೆದೊಯ್ದು, ಮಗು ಅಳುವವರೆಗೂ ಬಾಗಿಲಲ್ಲೇ ಕೂತಿದ್ದವಳು.

ಮತದಾನದ ಹಿಂದಿನ ದಿನ ಹುಚ್ಚರಂಗಯ್ಯ ಆಳುಗಳನ್ನೆಲ್ಲ ಕರೆಸಿದ. ಓಟಿನ ಚೀಟಿಗೆ ನಂಬರ್ ಇರುತ್ತದೆ, ಯಾರು ಎಲ್ಲಿ ಒತ್ತಿದರೆಂದು ತನಗೆ ತಿಳಿಯುತ್ತದೆ, ತಪ್ಪಿದವರು ಗುಡಿಸಲು ಬಿಡಬೇಕಾಗುತ್ತದೆ ಎಂದ. ಬೈಯಲಿಲ್ಲ, ಮೆಲ್ಲಗೇ ಹೇಳಿದ. ಅದಕ್ಕೇ ಹೆಚ್ಚು ಭಯವಾಯಿತು. ಮಗೂನ ಕಟ್ಟಿಕೊಂಡು ಎಲ್ಲಿಗೆ ಹೋಗೋದು, ಸುಮ್ಮನೆ ಅವರಿಗೇ ಒತ್ತಿಬಿಡೋಣ ಎಂದು ದುರ್ಗಯ್ಯ ಹೆಂಡತಿಗೆ ಹೇಳಿದ. ಅವಳು ಮಗುವನ್ನು ಮಡಿಲಿಗೆ ಎಳೆದುಕೊಂಡಳು.

ಸ್ಕೂಲಿನ ಬೂತಿನಲ್ಲಿ ಹುಚ್ಚರಂಗಯ್ಯನ ಕಡೆಯವನೊಬ್ಬ ಏಜೆಂಟಾಗಿ ಬೆಂಚಿನ ಮೇಲೆ ಕೂತಿದ್ದ. ಚೀಟಿ ಕೈಗೆ ಬಂದಾಗ ಪುಟ್ಟಗಂಗಮ್ಮ ಅಧಿಕಾರಿಯ ಹತ್ತಿರ ಬಗ್ಗಿ, ಈ ನಂಬರಿನಿಂದ ಯಾರಿಗಾದರೂ ಗೊತ್ತಾಗುತ್ತದಾ ಎಂದು ಕೇಳಿದಳು. ಅವರು ಏಜೆಂಟನಿಗೂ ಕೇಳುವ ಹಾಗೆ ಹೇಳಿದರು:

“ಚೀಟಿ ಹರಿದುಕೊಟ್ಟ ಈ ನಂಬರಿನ ಪುಸ್ತಕ ಸೀಲು ಮಾಡಿ ಇಡ್ತೀವಿ ಕಣಮ್ಮ, ಕೋರ್ಟು ಹೇಳದೆ ಯಾರೂ ಬಿಚ್ಚೋ ಹಂಗಿಲ್ಲ. ಆ ರಟ್ಟಿನ ಹಿಂದೆ ನೀನು ಎಲ್ಲಿ ಒತ್ತಿದೆ ಅನ್ನೋದು ನನಗೂ ಗೊತ್ತಾಗಬಾರದು.”

ರಟ್ಟಿನ ಮರೆಗೆ ಹೋದಳು. ಅಲ್ಲಿ ಗಂಡ ಇರಲಿಲ್ಲ, ಯಜಮಾನ ಇರಲಿಲ್ಲ. ಓಬಮ್ಮನ ಗುರುತಿನ ಮೇಲೆ ಮುದ್ರೆ ಒತ್ತಿ, ಮಸಿ ಆರಲೆಂದು ಊದಿ, ಮಡಚಿ ಪೆಟ್ಟಿಗೆಗೆ ಹಾಕಿದಳು.

ಓಬಮ್ಮ ಗೆದ್ದ ಸುದ್ದಿ ಬಂದಾಗ ಖುಷಿಗಿಂತ ಮೊದಲು ಪುಟ್ಟಗಂಗಮ್ಮನಿಗೆ ಗುಡಿಸಲಿನ ಯೋಚನೆ ಹತ್ತಿತು. ಮಾರನೆಯ ದಿನ ಹುಚ್ಚರಂಗಯ್ಯ ಕಾಯಿ ರಾಶಿಯ ಹತ್ತಿರ ಬಂದು ಒಬ್ಬೊಬ್ಬರನ್ನೇ ಕೇಳಿದ. ಎಲ್ಲರೂ ನಿಮ್ಮ ತಮ್ಮನವರಿಗೇ ಎಂದರು. ದುರ್ಗಯ್ಯನೂ ಹಾಗೇ ಅಂದ.

“ನಿಮ್ಮ ಕಡೀಕೇ ಬುದ್ಧಿ,” ಎಂದಳು ಪುಟ್ಟಗಂಗಮ್ಮ, ಸುಲಿಯುವುದನ್ನು ನಿಲ್ಲಿಸದೆ.

ಹುಚ್ಚರಂಗಯ್ಯ ಅವಳ ಮುಖವನ್ನೇ ನೋಡಿದ. ಗೊತ್ತಿದ್ದರೆ ಇವನು ಕೇಳುತ್ತಲೇ ಇರಲಿಲ್ಲ ಎಂದು ಅವಳಿಗೆ ಆಗ ಹೊಳೆಯಿತು. ಅವನು ಕಾಯಿ ರಾಶಿಯ ಕಡೆ ತಿರುಗಿದ. ತಿಪಟೂರಿಗೆ ಲಾರಿ ಹೋಗಬೇಕು, ಬೇಗ ಮುಗಿಸಿ ಎಂದು ಹೊರಟುಹೋದ.

ಅವಳು ಅಲ್ಲೇ ಸಿಪ್ಪೆಯ ಗುಡ್ಡೆಗೆ ಒರಗಿ ಕೂತು ನಿಟ್ಟುಸಿರು ಬಿಟ್ಟಳು. ದುರ್ಗಯ್ಯ ನೀರಿನ ಚೊಂಬು ತಂದುಕೊಟ್ಟ. ಅವಳು ಏನೋ ಹೇಳಲು ಹೋದಾಗ ತಡೆದ.

“ಹೇಳಬೇಡ ಬುಡು. ನಾನೂ ಹೇಳಾಕಿಲ್ಲ.”

ಇಬ್ಬರಿಗೂ ನಗು ಬಂತು. ಎಷ್ಟೋ ದಿನಗಳ ಮೇಲೆ ಅವಳಿಗೆ ಚೆನ್ನಾಗಿ ಹಸಿವಾಗಿತ್ತು.