ಕರಿಬಸಮ್ಮನ ಕಾಡಿಗೆ

"ಕಣ್ಣು ಒಳಕ್ಕೆ ತಿರುಗಿರೋದು ಬಿಟ್ಟು ಬೇರೇನಾದ್ರೂ ನೋಡಿದೀರಾ?"

ತುಮಕೂರಿನ ಕಣ್ಣಾಸ್ಪತ್ರೆಯ ಡಾಕ್ಟರಮ್ಮ ಕೇಳಿದಾಗ ಸೊಸೆ ರೂಪಶ್ರೀ ಇಲ್ಲವೆಂದಳು. ಅತ್ತೆ ಕರಿಬಸಮ್ಮ ಸೆರಗು ಸರಿಮಾಡಿಕೊಂಡಳು. ಅವಳ ತೊಡೆಯ ಮೇಲೆ ಏಳು ತಿಂಗಳ ಮೊಮ್ಮಗಳು ಗಂಗಾಂಬಿಕೆ ಟಾರ್ಚು ಕಂಡರೆ ಸಾಕು, ಆಸ್ಪತ್ರೆಯೇ ಎದ್ದುಹೋಗುವಂತೆ ಅಳುತ್ತಿದ್ದಳು. ಹೀಗಾದರೆ ಪರೀಕ್ಷೆ ಆಗದು, ಮುಂದಿನ ತಿಂಗಳು ಬನ್ನಿ ಎಂದು ಡಾಕ್ಟರಮ್ಮ ಪೆನ್ನು ಎತ್ತಿಕೊಂಡರು.

ಮಗುವಿನ ಕಣ್ಣಿಗೆ ಹಚ್ಚಬಾರದೆಂದು ರೂಪಶ್ರೀ ಕಾಡಿಗೆ ಡಬ್ಬಿಯನ್ನು ಅಟ್ಟಕ್ಕೆ ಹಾಕಿದ್ದಳು. ಆದರೆ ಅವಳು ವಸಂತನರಸಾಪುರದ ಫ್ಯಾಕ್ಟರಿ ಬಸ್ಸು ಹತ್ತಿದ್ದೇ ತಡ, ಅತ್ತೆ ಅಟ್ಟ ಹತ್ತುತ್ತಿದ್ದಳು. ಹಚ್ಚಿದ್ದನ್ನು ಸಂಜೆಯೊಳಗೆ ಹರಳೆಣ್ಣೆಯಲ್ಲಿ ಒರೆಸಿಬಿಡುತ್ತಿದ್ದಳು. ಮಗುವಿನ ಮೆಳ್ಳೆಗಣ್ಣು ಅದೃಷ್ಟವೆಂದು ಗುಬ್ಬಿಯ ಬೀದಿಯವರೆಲ್ಲ ಹೇಳಿದರೂ, ಕಾಡಿಗೆ ಹಚ್ಚುವಾಗ ಕಂಡದ್ದು ಅವಳ ನಿದ್ದೆ ಕೆಡಿಸಿತ್ತು. ಹಟ ಹಿಡಿದು ಆಸ್ಪತ್ರೆಗೆ ಹೊರಡಿಸಿದವಳೂ ಅವಳೇ. ಯಾಕೆಂದು ಮಾತ್ರ ಹೇಳಿರಲಿಲ್ಲ.

ಇನ್ನೂ ಒಂದು ತಿಂಗಳೇ? ಮರ್ಯಾದೆ ಹೋದರೆ ಹೋಗಲಿ.

"ನಾನು ನೋಡಿವ್ನಿ ಕಣವ್ವ. ಕದ್ದು ಕಾಡಿಗೆ ಹಚ್ತಿದ್ದೆ. ಒಂದು ಕಣ್ಣು ಮುಚ್ಚುದ್ರೆ ಇನ್ನೊಂದು ಅದುರ್ತದೆ. ಕೈ ತೆಗೆದ್ರೆ ನಿಲ್ತದೆ."

ರೂಪಶ್ರೀ ತಿರುಗಿ ನೋಡಿದಳು. ಕರಿಬಸಮ್ಮ ಅತ್ತ ಕಣ್ಣು ಹಾಯಿಸಲಿಲ್ಲ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ನೀವೇ ಮುಚ್ಚಿ ತೋರಿಸಿ ಅಜ್ಜಿ."

ಅಜ್ಜಿಯ ಅಂಗೈ ಮುಖಕ್ಕೆ ಬಂದಾಗ ಮಗು ಅಳು ನಿಲ್ಲಿಸಿತು. ಎಡಗಣ್ಣು ಮುಚ್ಚಿದೊಡನೆ ಬಲಗಣ್ಣಿನ ಗುಡ್ಡೆ ಕೊಡದ ನೀರಿನಂತೆ ಅತ್ತಿತ್ತ ತುಳುಕತೊಡಗಿತು. ಒಳಕ್ಕೆ ತಿರುಗಿದ ಕಣ್ಣಿನ ಜೊತೆ ಈ ನಡುಕವೂ ಇರುವುದುಂಟು, ಮುಚ್ಚಿ ನೋಡದಿದ್ದರೆ ಗೊತ್ತೇ ಆಗುವುದಿಲ್ಲ, ಬೇಗ ಆಪರೇಷನ್ ಮಾಡಿದರೆ ನಡುಕ ಪೂರ್ತಿ ಹೋಗದಿದ್ದರೂ ಎರಡು ಕಣ್ಣೂ ಕೂಡಿ ನೋಡುವುದನ್ನು ಕಲಿಯಬಹುದು ಎಂದರು ಡಾಕ್ಟರಮ್ಮ. ಆಮೇಲೆ, "ಕಾಡಿಗೆ ತಪ್ಪು. ಆದ್ರೆ ನಿಮ್ಮಷ್ಟು ಸರಿಯಾಗಿ ಯಾರೂ ನೋಡಿ ಹೇಳಲ್ಲ," ಎಂದರು.

ಗುಬ್ಬಿ ತಲುಪುವಷ್ಟರಲ್ಲಿ ಕರಿಬಸಮ್ಮ ಈ ಮಾತನ್ನು ಬಸ್ಸಿನಲ್ಲಿ ಮೂವರಿಗೆ ಹೇಳಿದ್ದಳು. ಕಂಡಕ್ಟರನಿಗೆ ಎರಡು ಸಲ. ರೂಪಶ್ರೀ ಮಗುವನ್ನು ಎತ್ತಿಕೊಂಡು ಬೇರೆ ಸೀಟಿನಲ್ಲಿ ಕೂತಿದ್ದಳು.

ಆಪರೇಷನ್ ಆಗಿ ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ಫ್ಯಾಕ್ಟರಿಗೆ ಹೊರಟ ರೂಪಶ್ರೀ ತಾನೇ ಅಟ್ಟ ಹತ್ತಿ ಡಬ್ಬಿ ಇಳಿಸಿದಳು.

"ಅಂಗಾಲಿಗೆ ಇಡಿ ಅತ್ತೆ. ದೃಷ್ಟಿ ಆಗ್ದಿರ್ಲಿ."

ಕರಿಬಸಮ್ಮ ಪುಟ್ಟ ಅಂಗಾಲಿಗೆ ಒಂದು ಬೊಟ್ಟಿಟ್ಟಳು. ಅಭ್ಯಾಸಬಲದಿಂದ ಎಡಗೈ ಮಗುವಿನ ಒಂದು ಕಣ್ಣನ್ನು ಮುಚ್ಚಿತು. ಇನ್ನೊಂದು ಈಗಲೂ ತುಸು ಅದುರಿತು. ಅವಳು ಕೈ ತೆಗೆದಳು. ಗಂಗಾಂಬಿಕೆಯ ಎರಡು ಕಣ್ಣೂ ನೆಟ್ಟಗೆ ಬಂದು ಅಜ್ಜಿಯ ಮುಖದ ಮೇಲೆ ನಿಂತವು.