ಹೊರಗಿನ ಬೀಗ

ಹೊರಗೆ ಬೀಗ ಕಂಡರೆ ಯಾರೂ ಬೆಲ್ ಒತ್ತುವುದಿಲ್ಲ, ಮಧ್ಯಾಹ್ನ ನಿಶ್ಚಿಂತೆಯಾಗಿ ಮಲಗಬಹುದು. ಬಾಗಲಗುಂಟೆಯ ಸರಳಾ ಹೀಗೆ ಹೇಳಿದ್ದರಿಂದ ಅವಳ ಗಂಡ ದಿನವೂ ಅವಳನ್ನು ಒಳಗೆ ಬಿಟ್ಟು, ಬಾಗಿಲ ಗ್ರಿಲ್‌ಗೆ ಹೊರಗಿನಿಂದ ಬೀಗ ಜಡಿದೇ ಕೆಲಸಕ್ಕೆ ಹೋಗುತ್ತಿದ್ದ. ಮದುವೆಯಾಗಿ ಚೆನ್ನೈಗೆ ಹೋದ ಮಗಳು ಶಿಲ್ಪಳಿಗೂ ಅವಳು ಇದನ್ನೇ ಹೇಳಿಕೊಟ್ಟಿದ್ದಳು.

ಆ ಏಪ್ರಿಲ್ ಮಧ್ಯಾಹ್ನ ಮಂಚ ಅಲುಗಿತು. ಬಿಲ್ಡಿಂಗಿನವರೆಲ್ಲ ಕೆಳಗೋಡಿದರು. ಆ ಗದ್ದಲದಲ್ಲಿ ಸರಳಾಳ ಕೂಗು ಯಾರಿಗೂ ಕೇಳಲಿಲ್ಲ. ಟಿವಿ ಹಾಕಿದರೆ, ಸಮುದ್ರದೊಳಗೆ ದೊಡ್ಡ ಭೂಕಂಪ. ಚೆನ್ನೈ ನಡುಗಿದೆ, ಸುನಾಮಿ ಬರಬಹುದು.

ಅಷ್ಟರಲ್ಲಿ ಶಿಲ್ಪಳ ಫೋನ್. ಸರಳಾ ಒಂದು ಕೈಯಲ್ಲಿ ಗ್ರಿಲ್ ಜಗ್ಗುತ್ತಲೇ ಎತ್ತಿದಳು.

“ಅಮ್ಮಾ, ಆಚೆ ಬಂದ್ಯಾ?”

“ಹೂಂ ಕಣೇ, ರೋಡಲ್ಲೇ ಇದೀನಿ. ನೀನು?”

“ನಾನೂ ರೋಡಲ್ಲೇ ಅಮ್ಮಾ.”

ಕಬ್ಬಿಣ ಜಗ್ಗುವ ಸದ್ದು ಮಗಳಿಗೆ ಕೇಳಿಸೀತೆಂದು ಸರಳಾ ಗ್ರಿಲ್‌ನಿಂದ ಕೈ ತೆಗೆದಳು.

ಫೋನಿನೊಳಗೆ ಆ ಸದ್ದು ನಿಲ್ಲಲಿಲ್ಲ.