ಕಟ್ಟಲಾಗದ ಕೂದಲು

ಸೆರಿಮ್ ಕೂದಲು ಕತ್ತರಿಸಿಕೊಂಡು ಬಂದು ಹದಿನೇಳು ದಿನಗಳಾಗಿದ್ದವು. ನಗರಸಭೆಯ ಮಹಿಳಾ ಹ್ಯಾಂಡ್‌ಬಾಲ್ ತಂಡದ ವಸತಿಗೃಹದಲ್ಲಿ ಅದಕ್ಕೆ ಒಂದೇ ಅರ್ಥ ಹುಟ್ಟಿತ್ತು: ಪ್ರೇಮ ಮುರಿದಿದೆ. ಬೆನ್ನುದ್ದದ ಕೂದಲನ್ನು ಹೆಣ್ಣೊಬ್ಬಳು ಕಿವಿಯ ಮಟ್ಟಕ್ಕೆ ಇಳಿಸಿದರೆ ಇಲ್ಲಿ ಯಾರೂ ಬೇರೆ ಕಾರಣ ಹುಡುಕುವುದಿಲ್ಲ. ಸೆರಿಮ್ ಕೂಡ ಅಲ್ಲಗಳೆಯಲಿಲ್ಲ.

ನಿಜ ಇದ್ದದ್ದು ಅವಳ ಬಲಭುಜದಲ್ಲಿ. ನೋವಿನ ಮಾತ್ರೆ ನುಂಗಿದರೆ ಚೆಂಡೆಸೆಯಲು ಎರಡು ಗಂಟೆ ಕಾಲ ಕೈ ಏಳುತ್ತಿತ್ತು. ಬೆಳಗ್ಗೆ ಎದ್ದು ಜುಟ್ಟು ಕಟ್ಟಲು ಏಳುತ್ತಿರಲಿಲ್ಲ. ರಾಷ್ಟ್ರೀಯ ತಂಡದ ಆಯ್ಕೆ ಶಿಬಿರಕ್ಕೆ ಕಳಿಸುವ ಪಟ್ಟಿಯಲ್ಲಿ ಅವಳ ಹೆಸರು ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಮೊದಲ ಸಲ ಸೇರಿತ್ತು. ಪಟ್ಟಿ ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಹೊರಡಬೇಕು. ಆಟಗಾರ್ತಿಯರ ಗಾಯಗಳನ್ನು ನೋಡಿಕೊಳ್ಳುವ ಟ್ರೈನರ್ ಮಿರಾನ್ ಅವರಿಗೆ ಅದಕ್ಕೆ ಮೊದಲು ವಿಷಯ ತಿಳಿದರೆ ಹೆಸರು ಉಳಿಯುವುದಿಲ್ಲ.

ಅಂದು ಭಾನುವಾರ. ಮಧ್ಯಾಹ್ನದ ಊಟವಾದ ಮೇಲೆ ಹುಡುಗಿಯರೆಲ್ಲ, ಜೊತೆಗೆ ಅವರು ಟೀಚರ್ ಎಂದು ಕರೆಯುವ ಮಿರಾನ್ ಕೂಡ, ನೆಲದ ಮೇಲೆ ಟಿವಿಗೆ ಮುಖ ಮಾಡಿ ಕುಳಿತಿದ್ದರು. ನಡುವೆ ಖಾಲಿಯಾದ ರಾಮ್ಯನ್ ನೂಡಲ್ಸ್ ಪಾತ್ರೆ, ಸುತ್ತ ಕಿತ್ತಳೆಯ ಸಿಪ್ಪೆ. ಕ್ರೀಡಾ ಆಸ್ಪತ್ರೆಯೊಂದರ ಕಥೆಯುಳ್ಳ ಹೊಸ ಧಾರಾವಾಹಿಯ ಮರುಪ್ರಸಾರ. ನೋಡುವ ಉದ್ದೇಶ ಗೇಲಿ ಮಾಡುವುದು. ಒಂದೂ ತಪ್ಪು ಹಿಡಿಯದವರು ಪಾತ್ರೆ ತೊಳೆಯಬೇಕೆಂದು ನಿಯಮವಾಗಿತ್ತು.

"ಹೋದ ವರ್ಷದ ಸೀರಿಯಲ್ ನೆನಪಿದ್ಯಾ?" ಎಂದಳು ತಂಡದ ಅತಿ ಕಿರಿಯಳಾದ ದಾಹೆ. "ಸೋಮವಾರ ಮಂಡಿ ಹರ್ಕೊಂಡೋಳು ಶುಕ್ರವಾರ ಫೈನಲ್ ಆಡಿದ್ಲು. ಆ ಡಾಕ್ಟ್ರು ನಮ್ಗೆ ಸಿಕ್ಕಿದ್ರೆ ನಿಮ್ ಕೆಲ್ಸ ಹೋಗ್ತಿತ್ತು, ಟೀಚರ್."

"ಸಿಕ್ಕಿದ್ರೆ ಮೊದ್ಲು ನಿನ್ ಬಾಯಿಗೆ ಹೊಲಿಗೆ ಹಾಕಿಸ್ತಿದ್ದೆ," ಎಂದರು ಮಿರಾನ್.

ಸೆರಿಮ್ ಎಲ್ಲರೊಂದಿಗೆ ನಕ್ಕಳು. ಇಂಥ ಕಥೆಗಳಿಂದ ಯಾರಿಗೂ ಅಪಾಯವಿಲ್ಲ ಎಂದು ಅವಳು ನಂಬಿದ್ದಳು.

ಇಪ್ಪತ್ತು ನಿಮಿಷ ಕಳೆಯಿತು. ಯಾರೂ ತಪ್ಪು ಹಿಡಿಯಲಿಲ್ಲ. ತೆರೆಯ ಮೇಲಿನ ಯುವ ವೈದ್ಯ ಸ್ನಾಯುವಿಗೆ ಅಂಟಿಸುವ ಪಟ್ಟಿಯ ನಾಲ್ಕು ಮೂಲೆಗಳನ್ನೂ ದುಂಡಗೆ ಕತ್ತರಿಸಿದ. ಚೌಕ ಮೂಲೆ ಬೆವರಿಗೆ ಬೇಗ ಏಳುತ್ತದೆ. ಅದು ಇಂಥ ಚಿಕಿತ್ಸೆಯ ಕೋಣೆಗಳಲ್ಲಿ ಬಾಳಿದವರಿಗಷ್ಟೇ ಗೊತ್ತು.

"ಪರ್ವಾಗಿಲ್ವೇ," ಎಂದರು ಮಿರಾನ್. "ಇವನಿಗೆ ಯಾರೋ ಕೆಲ್ಸ ಕಲ್ಸಿದಾರೆ."

ಮುಂದಿನ ದೃಶ್ಯದಲ್ಲಿ ವಾಲಿಬಾಲ್ ಆಟಗಾರ್ತಿಯೊಬ್ಬಳು ಅವನ ಎದುರು ಬಂದು ಕುಳಿತಳು. ಅವಳ ಕೂದಲು ಕಿವಿಯ ಮಟ್ಟಕ್ಕಿತ್ತು. ನೋವಿದೆಯೇ ಎಂದು ವೈದ್ಯ ಕೇಳಲಿಲ್ಲ. ಗೋಡೆಯ ಮೇಲೆ ಹಿಂದಿನ ವರ್ಷದ ತಂಡದ ಚಿತ್ರವಿತ್ತು. ಅದರಲ್ಲಿದ್ದ ಅವಳ ಉದ್ದ ಜುಟ್ಟನ್ನು ನೋಡಿ, ಆಮೇಲೆ ಅವಳ ಬೋಳು ಕುತ್ತಿಗೆಯನ್ನು ನೋಡಿದ.

ಕಥೆ ಎಲ್ಲಿಗೆ ಹೋಗುತ್ತಿದೆ ಎಂಬುದು ಆ ಕೋಣೆಯಲ್ಲಿ ಸೆರಿಮ್‌ಗೆ ಮಾತ್ರ ತಿಳಿಯಿತು.

"ಬೇರೆ ಚಾನೆಲ್ ಹಾಕೇ, ಬೇಜಾರಾಗ್ತಿದೆ," ಎಂದಳು. ರಿಮೋಟ್ ದಾಹೆಯ ತೊಡೆಯ ಕೆಳಗಿತ್ತು. ಸೆರಿಮ್ ಎಡಗೈ ಚಾಚಿದಳು. ದಾಹೆ ಜಾಗ ಬಿಡಲಿಲ್ಲ.

"ಸುಮ್ನಿರಕ್ಕ, ಈಗ ತಾನೇ ಚೆನ್ನಾಗಾಗ್ತಿದೆ."

ವೈದ್ಯ ಬಾಯಿ ತೆರೆದ. ಅಷ್ಟರಲ್ಲಿ ಜಾಹೀರಾತಿಗಾಗಿ ಚಿತ್ರ ನಿಂತಿತು. ಅರವತ್ತು ಸೆಕೆಂಡುಗಳ ನಂತರ ಮುಂದುವರಿಯುವುದೆಂಬ ಸಾಲು ಮೂಡಿ, ಮೂಲೆಯಲ್ಲಿ ಅಂಕಿ ಇಳಿಯತೊಡಗಿತು.

ಎದ್ದು ಹೋಗಬಹುದಿತ್ತು. ಎದ್ದರೆ ಎಲ್ಲರೂ ಅವಳತ್ತ ನೋಡುತ್ತಾರೆ. ಆಮೇಲೆ ವೈದ್ಯನ ಮಾತು ಕೇಳುತ್ತಾರೆ. ಎರಡನ್ನೂ ಕೂಡಿಸಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಅವಳು ಕುಳಿತೇ ಇದ್ದಳು.

"ಇವಳದ್ದೂ ಪ್ರೀತಿ ಕೈಕೊಟ್ಟಿದ್ದೇ ಇರ್ಬೇಕು," ಎಂದಳು ದಾಹೆ. "ನಮ್ಮಕ್ಕನ ಥರ. ಅಲ್ಲ ಅಕ್ಕ, ಆ ಮಹಾನುಭಾವನ ಹೆಸರಾದ್ರೂ ಹೇಳು, ನಾವೆಲ್ಲ ಸೇರಿ ಶಾಪ ಹಾಕ್ತೀವಿ."

"ಶಾಪ ಆಮೇಲೆ ಹಾಕು. ಮೊದ್ಲು ನೆಟ್ಟಗೆ ಪಾಸ್ ಹಾಕೋದು ಕಲಿ."

ನಗೆಯ ನಡುವೆ ಅಂಕಿ ಸೊನ್ನೆಗೆ ಇಳಿಯಿತು.

"ಜುಟ್ಟು ಕಟ್ಟೋಕೆ ಎರಡೂ ಕೈ ಮೇಲೆತ್ಬೇಕು," ಎಂದ ತೆರೆಯ ಮೇಲಿನ ವೈದ್ಯ. "ನಿಮ್ಗೆ ಅದು ಯಾವತ್ತಿಂದ ಆಗ್ತಿಲ್ಲ?"

ಕಿತ್ತಳೆ ಸುಲಿಯುತ್ತಿದ್ದ ಮಿರಾನ್ ಅವರ ಬೆರಳುಗಳು ನಿಂತವು. ದಾಹೆಯ ನಗು ಅರ್ಧಕ್ಕೇ ಉಳಿಯಿತು. ಯಾರೊಬ್ಬರೂ ಸೆರಿಮ್‌ಳತ್ತ ತಿರುಗಲಿಲ್ಲ. ಎಲ್ಲರಿಗೂ ತಿಳಿಯಿತೆಂಬುದು ಅವಳಿಗೆ ಅದರಿಂದಲೇ ತಿಳಿಯಿತು.

ಮುಂದಿನದನ್ನು ಅವಳು ಊಹಿಸಿದ್ದಳು: ವೈದ್ಯ ಕೋಚ್‌ಗೆ ದೂರು ಕೊಡುತ್ತಾನೆ, ಹುಡುಗಿ ಮಳೆಯಲ್ಲಿ ಅಳುತ್ತಾಳೆ, ಮುಂದಿನ ಸಂಚಿಕೆಯಲ್ಲಿ ಪವಾಡದಂತೆ ಗುಣವಾಗುತ್ತದೆ. ಯಾವುದೂ ಆಗಲಿಲ್ಲ. ವೈದ್ಯ ಪೆನ್ನನ್ನು ಮೇಜಿನ ಮೇಲಿಟ್ಟ.

"ನಾನು ಇದನ್ನ ನಾಳೆ ಬರೀತೀನಿ," ಎಂದ. "ಇವತ್ತು ನೀವೇ ಹೋಗಿ ಕೋಚ್ ಹತ್ರ ಹೇಳಿ. ಹನ್ನೆರಡು ವಾರ ಬೇಕು. ಆಪರೇಷನ್ ಬೇಡ. ಬೇಜಾರಿನ ವ್ಯಾಯಾಮ, ದಿನಾ. ಇನ್ನೂ ಒಂದ್ ತಿಂಗಳು ಮುಚ್ಚಿಟ್ರೆ ಎಷ್ಟು ವಾರ ಅಂತ ನನ್ ಹತ್ರ ಲೆಕ್ಕ ಇರಲ್ಲ."

ಮುಚ್ಚಿಡುವುದು, ಇಲ್ಲವೇ ಮುಗಿದುಹೋಗುವುದು: ಹದಿನೇಳು ದಿನಗಳಿಂದ ಸೆರಿಮ್ ಕಂಡಿದ್ದು ಈ ಎರಡು ದಾರಿಗಳನ್ನಷ್ಟೇ. ಮೂರನೆಯದು ಇಷ್ಟು ನೀರಸವಾಗಿರಬಹುದೆಂದು ಅವಳಿಗೆ ತೋಚಿರಲಿಲ್ಲ. ಗೇಲಿಗೆಂದು ಹಾಕಿದ ಧಾರಾವಾಹಿ ತನಗಿಂತ ಪ್ರಾಮಾಣಿಕವಾಗಿದೆ ಎಂಬುದು ಅವಳಿಗೆ ಮುಜುಗರವನ್ನೂ, ವಿಚಿತ್ರವಾದ ಹಗುರವನ್ನೂ ತಂದಿತು.

"ಹನ್ನೆರಡು ಸರಿನೇ," ಎಂದರು ಮಿರಾನ್, ಟಿವಿಯನ್ನೇ ನೋಡುತ್ತ. "ಹ್ಯಾಂಡ್‌ಬಾಲ್ ಆಗಿದ್ರೆ ನಾನು ಹದಿನಾಲ್ಕು ಅಂತಿದ್ದೆ."

ಸೆರಿಮ್ ಮಿರಾನ್ ಅವರತ್ತ ತಿರುಗಿದಳು.

"ಹದಿನಾಲ್ಕು ಅಂದ್ರೆ, ಟೀಚರ್, ಅಕ್ಟೋಬರ್ ಕ್ರೀಡಾಕೂಟ ಸಿಗುತ್ತಾ?"

"ನಾಳೆ ಶುರು ಮಾಡಿದ್ರೆ ಸಿಗುತ್ತೆ."

ಅವಳು ಎಡಗೈ ಊರಿ ಎದ್ದಳು. ಕೋಚ್ ಪ್ಯೋನ್ ಕೆಳಗಿನ ಕಚೇರಿಯಲ್ಲಿ ಪಟ್ಟಿಯ ಅಚ್ಚುಪ್ರತಿಯನ್ನೇ ತಿದ್ದುತ್ತಿದ್ದರು. ಅವಳು ಹೇಳಿದ್ದನ್ನೆಲ್ಲ ಕೇಳಿದ ಮೇಲೆ ಪಟ್ಟಿಯಿಂದ ತಲೆಯೆತ್ತಿದರು.

"ಹೇಳು ಅಂತ ಮಿರಾನ್ ಕಳ್ಸಿದ್ರಾ?"

"ಇಲ್ಲ ಸಾರ್. ಟಿವಿ ನೋಡ್ತಿದ್ವಿ."

ಅವರಿಗೆ ಅರ್ಥವಾಗಲಿಲ್ಲ, ಅವರು ಕೇಳಲೂ ಇಲ್ಲ. ಅಳತೆಕೋಲು ಇಟ್ಟು ಅವಳ ಹೆಸರಿನ ಮೇಲೆ ನೇರ ಗೆರೆ ಎಳೆದರು. ಮತ್ತೊಬ್ಬಳ ಹೆಸರು ಆ ಜಾಗಕ್ಕೆ ಬಂತು. ಸೆರಿಮ್ ಅದನ್ನು ನಿಂತು ನೋಡಿದಳು.

ಮರುದಿನ ಬೆಳಗ್ಗೆ ಏಳಕ್ಕೆ ವ್ಯಾಯಾಮದ ಕೋಣೆಯಲ್ಲಿ ಮಿರಾನ್ ಅವಳನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಬಲಗೈ ಬೆರಳುಗಳನ್ನು ಗೋಡೆಯ ಮೇಲೆ ಮೆಲ್ಲಗೆ ಹತ್ತಿಸಬೇಕು, ಮಾತ್ರೆ ಇಲ್ಲದೆ. ಬೆರಳುಗಳು ಗಲ್ಲದ ಎತ್ತರಕ್ಕೆ ಹೋಗಿ ನಿಂತವು.

"ಇಷ್ಟೇನಾ?"

"ಇಷ್ಟೇ."

ಮಿರಾನ್ ಅಲ್ಲಿ ಪೆನ್ಸಿಲ್‌ನಿಂದ ಗೆರೆ ಎಳೆದು, ಪಕ್ಕದಲ್ಲಿ ತಾರೀಖು ಬರೆದರು.